ಬೆಕ್ಕಿನ ಹಾಜರಿ

ಜಮಖಂಡಿಯ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು "ರಬಕವೀ" ಎಂದು ಕೂಗುತ್ತಾನೆ. ಬಾಯೊಳಗಿನ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿಕೊಂಡು, ಆಮೇಲೆ "ಬನಹಟ್ಟೀ" ಎನ್ನುತ್ತಾನೆ. ಆ ಎರಡು ಕೂಗುಗಳ ನಡುವೆ ನಾನು ಉಸಿರು ಬಿಗಿಹಿಡಿದು ನಿಂತಿರುತ್ತೇನೆ. ಮೊನ್ನೆ ಒಬ್ಬ ಮೊದಲನೆಯ ಹೆಸರು ಕೂಗಿದವನು ಎಲೆ ಉಗುಳಲು ಕೆಳಗಿಳಿದು, ಎರಡನೆಯದನ್ನು ಮರೆತೇಬಿಟ್ಟ. ನಾನು ಮುಧೋಳದ ಬಸ್ಸಿಗೆ ಕಾಯುತ್ತಿದ್ದವಳು. ಆದರೂ ಹತ್ತಿರ ಹೋಗಿ ಬನಹಟ್ಟಿಗೆ ಹೋಗುವುದಿಲ್ಲವೇ ಎಂದು ಕೇಳಿದೆ.

"ಹೋಗದ ಏನ್ರಿ, ಎರಡೂ ಒಂದ ಅಲ್ಲೇನು? ಹತ್ತರಿ" ಎಂದ.

ನಾನು ಹತ್ತಲಿಲ್ಲ. ಆತ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಸಾಲಿ ಕಲಿಸುವ ಹೆಂಗಸರಿಗೆ ಬಿಸಿಲು ಬೇಗ ನೆತ್ತಿಗೇರುತ್ತದೆ ಎಂಬ ತೀರ್ಮಾನಕ್ಕೆ ಬಂದಂತೆ ಕಂಡಿತು.

ರಬಕವಿ, ಬನಹಟ್ಟಿ ಎಂಬವು ನಮ್ಮ ಮನೆಯ ಎರಡು ಬೆಕ್ಕುಗಳು. ಹೆಸರಿಟ್ಟವರು ನಮ್ಮವರು. ಆ ಜೋಡಿ ಊರುಗಳಲ್ಲಿ ಒಂದನ್ನು ಹೇಳಿದರೆ ಇನ್ನೊಂದು ತಾನಾಗಿ ಬಾಯಿಗೆ ಬರುವಂತೆ ಈ ಬೆಕ್ಕುಗಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಳಿಯದು ರಬಕವಿ, ಪಟ್ಟೆಯದು ಬನಹಟ್ಟಿ. ನಮ್ಮವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿರುವವರು; ದಿನವಿಡೀ ಊರಿಗೆ ಊರು ಜೋಡಿಸುವ ಕೆಲಸ. ಮನೆಯಲ್ಲೂ ಅದೇ ಚಾಳಿ.

ಬೆಕ್ಕು ಸಾಕುವ ಆಸೆ ನನಗೇನೂ ಇರಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಆ ವರ್ಷ ಒಂಬತ್ತನೇ ಇಯತ್ತೆಯ ರಸಾಯನಶಾಸ್ತ್ರದ ಉತ್ತರ ಪತ್ರಿಕೆಗಳನ್ನು ಇಲಿಗಳು ನನಗಿಂತ ಮೊದಲೇ ತಿದ್ದಿದವು. ಹನ್ನೊಂದು ಮಕ್ಕಳ ಉತ್ತರಗಳು ಅಂಚಿನಿಂದ ನಡುವಿನವರೆಗೆ ಮಾಯವಾಗಿದ್ದವು. ಉಳಿದ ಅರ್ಧ ನೋಡಿ ಇಲ್ಲದ ಅರ್ಧಕ್ಕೂ ಮಾರ್ಕ್ಸ್ ಕೊಟ್ಟೆ. ಹನ್ನೊಂದೂ ಮಂದಿ ಪಾಸಾದರು. ಮುಂದಿನ ಪರೀಕ್ಷೆಗೆ ಮಕ್ಕಳು ಇಲಿಗೆ ಹರಕೆ ಹೊರುವ ಮೊದಲೇ ಏನಾದರೂ ಮಾಡಬೇಕಿತ್ತು.

ಬೀಳಗಿಯಲ್ಲಿ ಶಾಂತಕ್ಕ ಎಂಬವರ ಮನೆಯಲ್ಲಿ ಬೆಕ್ಕುಗಳಿವೆ ಎಂದು ನಮ್ಮ ಸಾಲಿಯ ಕ್ಲಾರ್ಕ್ ಹೇಳಿದ. ಆಗ ಕೃಷ್ಣೆಯ ಹಿನ್ನೀರು ಊರೊಂದೊಂದನ್ನೇ ಹಿಡಿಯುತ್ತ ಬರುತ್ತಿದ್ದ ಕಾಲ. ಜನ ಮನೆಯ ತೊಲೆ, ಬಾಗಿಲು, ಹೊಸ್ತಿಲುಗಳನ್ನು ಕಿತ್ತು ಗಾಡಿಗೆ ಹೇರಿ ಹೊಸ ಜಾಗಕ್ಕೆ ಹೋಗುತ್ತಿದ್ದರು. ಎತ್ತು ಹೋದವು, ಎಮ್ಮೆ ಹೋದವು, ನಾಯಿಗಳು ಗಾಡಿಯ ಹಿಂದೆ ಓಡಿದವು. ಬೆಕ್ಕುಗಳು ಮಾತ್ರ ಉಳಿದವು. ನಾಯಿ ಮನುಷ್ಯನನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ. ಸೂರು ಹೋದರೂ ನಾಲ್ಕು ಗೋಡೆಗಳ ನಡುವೆ ಬಿಸಿಲಿನಲ್ಲಿ ಕುಳಿತಿರುತ್ತಿದ್ದವಂತೆ. ದೋಣಿಯವರು ಕನಿಕರಪಟ್ಟು ಹಿಡಿದು ತಂದವುಗಳನ್ನು ಶಾಂತಕ್ಕ ತನ್ನ ಖಾಲಿ ದನದ ಕೊಟ್ಟಿಗೆಯಲ್ಲಿ ಇಟ್ಟುಕೊಂಡು, ಯಾರಾದರೂ ಒಯ್ಯುವವರೆಗೆ ಜೋಪಾನ ಮಾಡುತ್ತಿದ್ದರು.

ಶಾಂತಕ್ಕನ ತವರು ತೇರದಾಳ; ಜೈನರು. ಹಾಲು, ರೊಟ್ಟಿ ಹಾಕಿಯೇ ಬೆಕ್ಕು ಸಾಕುವ ಪಣ. ಆದರೂ ಬೆಕ್ಕು ಬೆಕ್ಕೇ. ಯಾವುದಾದರೂ ಒಂದು ಇಲಿ ಹಿಡಿದ ದಿನ ಶಾಂತಕ್ಕ ಒಂದು ಹೊತ್ತಿನ ಊಟ ಬಿಡುತ್ತಿದ್ದರು. ನಾನು ಹೋದಾಗ ಕೊಟ್ಟಿಗೆಯಲ್ಲಿ ಒಂಬತ್ತು ಬೆಕ್ಕುಗಳಿದ್ದವು, ಶಾಂತಕ್ಕ ಕಡ್ಡಿಯಾಗಿದ್ದರು.

ನಾನು ಪಟ್ಟೆಯದನ್ನು ತೋರಿಸಿದೆ. ಅದೊಂದನ್ನು ಒಯ್ಯುತ್ತೇನೆ ಎಂದೆ. ಅವರು ಚಹಾ ಸೋಸುವುದನ್ನು ನಿಲ್ಲಿಸಿದರು.

"ಒಯ್ಯೂದಿದ್ರ ಎರಡೂ ಒಯ್ಯಿ, ತಂಗಿ. ಇಲ್ಲಂದ್ರ ಚಾ ಕುಡದು ಹೋಗು. ಆ ಜೋಡಿ ಬಿಡಸಬ್ಯಾಡ."

ಯಾಕೆ ಎಂದು ಕೇಳಿದ್ದಕ್ಕೆ ಹೇಳಿದರು. ಆ ಎರಡನ್ನು ತಂದ ಅಂಬಿಗ ಅವುಗಳನ್ನು ಕಂಡದ್ದು ಸೂರಿಲ್ಲದ ಒಂದು ಮನೆಯ ಪಡಸಾಲೆಯಲ್ಲಿ. ನೀರು ಆಗಲೇ ಅಂಗಳಕ್ಕೆ ಬಂದಿತ್ತು. ಪಡಸಾಲೆಯ ನಡುವೆ ತೆರೆದುಬಿದ್ದ ಹಗೇವಿನ ಬಾಯಿ. ಅದರ ಆಚೆ ಒಂದು, ಈಚೆ ಒಂದು ಎದುರುಬದುರಾಗಿ ಕುಳಿತಿದ್ದವು. ಮೊದಲು ಮೂರಿದ್ದವಂತೆ. ಮೂರನೆಯದು ಒಳಗೆ ಬಿದ್ದಿರಬೇಕು. ಇವೆರಡೂ ತಲೆ ಬಗ್ಗಿಸಿ ಒಳಗೆ ಒಮ್ಮೆ ಕೂಗುವುದು, ಸುಮ್ಮನೆ ಕೇಳುವುದು, ಆಮೇಲೆ ಸಮಾಧಾನವಾದಂತೆ ಮಲಗುವುದು. ಎರಡು ದಿನ ಹೀಗೆಯೇ ನಡೆದಿತ್ತಂತೆ.

"ಒಳಗಿಂದ ಏನರ ಕೇಳ್ತಿತ್ತೇನ್ರಿ?" ಎಂದೆ.

"ಅಂವಗೇನೂ ಕೇಳಸಲಿಲ್ಲಂತ" ಎಂದರು ಶಾಂತಕ್ಕ. "ಅವಕ್ಕ ಕೇಳಿಸಿರಬೇಕು."

ಹಗೇವು ಎಂದರೆ ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ಹಿಂದೆ ಜೋಳವನ್ನು ನೆಲದೊಳಗೆ ಇಡುತ್ತಿದ್ದರು. ಮಣ್ಣಿನ ದೊಡ್ಡ ಹರವಿಯ ಆಕಾರದ ಗುಂಡಿ. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ಮಾತ್ರ ಆಳೆತ್ತರಕ್ಕಿಂತ ಆಳ, ಕೋಣೆಯಷ್ಟು ಅಗಲ. ಒಳಗೆ ಸುತ್ತಲೂ ಹುಲ್ಲು, ನಡುವೆ ಜೋಳ, ಮೇಲೆ ಚಪ್ಪಟೆಯಾದ ಪರಸಿ ಕಲ್ಲು, ಅದರ ಸಂದಿಗೆ ಮಣ್ಣಿನ ಮೆತ್ತಿಗೆ. ಹುನ್ನೂರಿನ ನಮ್ಮ ಅಜ್ಜಿಯ ಮನೆಯಲ್ಲಿ ಇಂಥ ಎರಡಿದ್ದವು. ಕಲ್ಲು ಸರಿಸಿದ ದಿನ ಅಜ್ಜಿ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅದು ಉಸಿರು ಬಿಡಬೇಕು ಅನ್ನುತ್ತಿದ್ದಳು. ಮರುದಿನ ಕಾಯಿ ಒಡೆದು, ಕಂದೀಲು ಹಚ್ಚಿ ಹಗ್ಗದಿಂದ ಒಳಗೆ ಇಳಿಬಿಡುತ್ತಿದ್ದಳು. ದೀಪ ನಿಂತರೆ ತಾಯಿ ಬಾ ಅಂದಳು; ದೀಪ ಆರಿದರೆ ತಾಯಿ ಒಲ್ಲೆ ಅಂದಳು. ನಾನು ವಿಜಾಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ರಜೆಗೆ ಬಂದು ಅಜ್ಜಿಯ ಈ ಪೂಜೆ ನೋಡಿ ಬಿದ್ದು ಬಿದ್ದು ನಕ್ಕವಳು. ಅಜ್ಜಿಯೂ ನನ್ನ ಜೊತೆ ನಕ್ಕಳು, ಆದರೆ ಇಳಿಯಗೊಡಲಿಲ್ಲ.

ಇರಲಿ, ಬೆಕ್ಕುಗಳನ್ನು ಇನ್ನೂ ಬೀಳಗಿಯಲ್ಲೇ ಬಿಟ್ಟಿದ್ದೇನೆ.

ಮುಚ್ಚಳದ ಬುಟ್ಟಿಯಲ್ಲಿ ಎರಡನ್ನೂ ಕೂರಿಸಿ, ಮೇಲೆ ಹಳೆಯ ಸೀರೆ ಕಟ್ಟಿ ಬಸ್ಸಿಗೆ ತಂದೆ. ಬುಟ್ಟಿಯೊಳಗಿಂದ ಮ್ಯಾಂವ್ ಎಂದಾಗ ಕಂಡಕ್ಟರನ ಮುಖ ಸಣ್ಣದಾಯಿತು. ಬೆಕ್ಕು ಅಡ್ಡ ಬಂದರೆ ನಾವು ಬಸ್ಸು ನಿಲ್ಲಿಸುತ್ತೇವೆ, ಬಸ್ಸಿನೊಳಗೇ ಬೆಕ್ಕು ಕುಳಿತರೆ ಏನು ಮಾಡುವುದು ಎಂದು ಡ್ರೈವರನನ್ನು ಕೇಳಿದ. ಡ್ರೈವರ್ ತಿರುಗಿಯೂ ನೋಡದೆ, "ಅಡ್ಡ ಬಂದಿಲ್ಲಲೇ, ಕೂಡ ಬಂದಾವು. ಸೀಟಿ ಹೊಡಿ" ಎಂದ.

ಹೀಗೆ ಕೂಡಿ ಬಂದವು. ಬಂದ ದಿನದಿಂದ ಅವುಗಳ ನಡಾವಳಿ ನಮಗೆ ಪಾಠವಾಯಿತು. ಒಂದೇ ಬಟ್ಟಲು. ಒಂದು ಬರದೆ ಇನ್ನೊಂದು ಬಾಯಿ ಹಾಕುತ್ತಿರಲಿಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ ಅವುಗಳ ಕೂಗು. ರಬಕವಿ ಎಲ್ಲಿಂದಾದರೂ ಒಮ್ಮೆ ಕೂಗುತ್ತಿತ್ತು. ಬನಹಟ್ಟಿ ಮಾಳಿಗೆಯ ಮೇಲಿರಲಿ, ನೆರೆಮನೆಯ ಹುಲ್ಲಿನ ಬಣವೆಯಲ್ಲಿರಲಿ, ಅಲ್ಲಿಂದಲೇ ಓಗೊಡುತ್ತಿತ್ತು. ಅಷ್ಟಾದರೆ ಮುಗಿಯಿತು, ಇದು ಅಲ್ಲಿಯೇ, ಅದು ಅಲ್ಲಿಯೇ. ನಾನು ಇದಕ್ಕೆ ಹಾಜರಿ ಎಂದು ಹೆಸರಿಟ್ಟೆ. ನನ್ನ ತರಗತಿಯಲ್ಲಿ ಹೀಗೆ ಹಾಜರಿ ಕೊಟ್ಟಿದ್ದರೆ ನಾನು ಇಷ್ಟು ಹೊತ್ತಿಗೆ ಹೆಡ್‌ಮಿಸ್ಟ್ರೆಸ್ ಆಗಿರುತ್ತಿದ್ದೆ.

ಒಂದು ತಿಂಗಳಾಗಿರಬೇಕು. ಮಧ್ಯಾಹ್ನ ಸಾಲಿಯಿಂದ ಬಂದು ಬಾಗಿಲು ತೆರೆದಾಗ ಎರಡೂ ಪಡಸಾಲೆಯ ನಡುವೆ ಎದುರುಬದುರಾಗಿ ಕುಳಿತಿದ್ದವು. ನಡುವೆ ಒಂದು ಪರಸಿ ಕಲ್ಲು. ಅದರ ಮೇಲೆ ಏನೂ ಇರಲಿಲ್ಲ. ಎರಡೂ ಆ ಏನೂ ಇಲ್ಲದ್ದನ್ನೇ ನೋಡುತ್ತಿದ್ದವು. ನಾನು ನಡುವೆ ಹಾದುಹೋದೆ, ಕಣ್ಣು ಎತ್ತಲಿಲ್ಲ.

ಮರುದಿನವೂ ಹಾಗೆ, ಅದರ ಮರುದಿನವೂ. ಕಲ್ಲಿಗೆ ಚಾಪೆ ಹಾಸಿದೆ. ಚಾಪೆಯ ಆಚೆ ಈಚೆ ಕುಳಿತವು. ಚಾಪೆಯ ಮೇಲೆ ಟ್ರಂಕು ಇಟ್ಟೆ. ಟ್ರಂಕಿನ ಆಚೆ ಈಚೆ ಕುಳಿತವು. ಟ್ಯೂಷನ್ನಿಗೆ ಬರುವ ಹುಡುಗಿಯರು ಗೋಡೆಗೆ ಒತ್ತಿ ಕುಳಿತುಕೊಳ್ಳತೊಡಗಿದರು. ಶಾಂತಕ್ಕ ಹೇಳಿದ್ದು ನನಗೆ ನೆನಪಿತ್ತು, ಆದರೆ ನಮ್ಮವರ ಮುಂದೆ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ, ವಿಜ್ಞಾನದ ಟೀಚರು ಬೆಕ್ಕಿನ ಕತೆಗೆ ಹೆದರಿದಳು ಎಂಬುದು ಎಕ್ಸ್‌ಚೇಂಜಿನ ಎಲ್ಲ ಲೈನುಗಳಲ್ಲೂ ಹರಿದಾಡುತ್ತಿತ್ತು.

ಮನೆಯ ಮಾಲಕರು ರಾಮಪ್ಪ ಕಾಕಾ. ಪಕ್ಕದಲ್ಲೇ ಇರುವವರು, ಎಪ್ಪತ್ತರ ಹತ್ತಿರದವರು. ಕೇಳಿದಾಗ ಬೆರಳಿನಲ್ಲಿ ಗಲ್ಲ ಕೆರೆದುಕೊಂಡು, ಹೌದು, ಅಲ್ಲೊಂದು ಹಗೇವಿತ್ತು, ತಮ್ಮ ತಂದೆಯ ಕಾಲಕ್ಕೇ ಮುಚ್ಚಿದ್ದು ಎಂದರು. ನಮ್ಮವರಿಗೆ ಎಲ್ಲ ತಿಳಿದುಹೋಯಿತು. ಇಲಿಗಳ ಠಾಣೆ ಅದೇ. ಉಳಿದ ಜೋಳ ತಿನ್ನುತ್ತ ಒಳಗೆ ಸಂಸಾರ ಹೂಡಿವೆ, ಬೆಕ್ಕುಗಳಿಗೆ ವಾಸನೆ ಹತ್ತಿದೆ. ಕಲ್ಲು ತೆಗೆದು, ಒಳಗೆ ನೋಡಿ, ಮಣ್ಣು ತುಂಬಿಬಿಟ್ಟರಾಯಿತು. ಎಂಥ ಸರಳ ವಿವರಣೆ! ನನಗೂ ಹಾಯೆನಿಸಿತು. ಇಂದಿಗೂ ಆ ವಿವರಣೆಯಲ್ಲಿ ತಪ್ಪೇನೂ ಕಾಣುವುದಿಲ್ಲ.

ರವಿವಾರ ಬೆಳಿಗ್ಗೆ, ಉಪ್ಪಿಟ್ಟು ತಿಂದಾದ ಮೇಲೆ, ಹಾರೆ ಹಾಕಿ ಕಲ್ಲು ಎತ್ತಿದರು. ಆ ವರ್ಷ ಮಳೆ ಛಲೋ ಆಗಿತ್ತು, ಗೋಡೆಯ ಬುಡವೆಲ್ಲ ತೇವ. ಒಳಗಿಂದ ಹುಳಿ ಅಂಬಲಿಯಂಥ ವಾಸನೆ, ಬೆಚ್ಚಗೆ, ನಿಧಾನವಾಗಿ ಮೇಲೆ ಬಂತು. ಬೆಕ್ಕುಗಳು ಆಚೆ ಒಂದು, ಈಚೆ ಒಂದು ಕುಳಿತೇ ಇದ್ದವು.

ಒಳಗೊಂದು ದೀಪ ಇಳಿಸಿ ನೋಡೋಣ, ಇಳಿಯುವುದು ನಾಳೆ ಎಂದರು ಕಾಕಾ. ಕರೆಂಟು ಹೋದಾಗ ಹಚ್ಚುವ ಕಂದೀಲನ್ನು ನಾನೇ ತಂದೆ. ಬಾವಿಯ ಹಗ್ಗಕ್ಕೆ ಕಟ್ಟಿ ನಾನೇ ಇಳಿಬಿಟ್ಟೆ, ಅಜ್ಜಿಯ ಹಾಗೆ ಮುಖ ಮಾಡಿ, ತಮಾಷೆಗೆ. ಒಂದು ಮೊಳ ಇಳಿಯಿತು. ಜ್ವಾಲೆ ಸಣ್ಣದಾಯಿತು. ಯಾರೋ ಎರಡು ಬೆರಳಿನಿಂದ ಒತ್ತಿದಂತೆ ಆರಿತು.

"ತಾಯಿ ಒಲ್ಲೆ ಅಂದಳ್ರಿ" ಎಂದರು ಕಾಕಾ.

"ತಾಯಿ ಅಲ್ಲ ಕಾಕಾ, ರೇಷನ್ ಅಂಗಡ್ಯಾಂವ" ಎಂದರು ನಮ್ಮವರು. "ಎಣ್ಣಿಗಿ ನೀರ ಬೆರಸ್ಯಾನ."

ನಾವೆಲ್ಲ ನಕ್ಕೆವು. ನಾನು ಕಂದೀಲನ್ನು ಮೇಲೆಳೆದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಅದು ತಗ್ಗಿನಲ್ಲಿ ನಿಲ್ಲುತ್ತದೆ, ಉರಿಯುವುದನ್ನು ಆರಿಸುತ್ತದೆ ಎಂದು ವರ್ಷಕ್ಕೆ ಮೂರು ಸಲ ಕರಿಹಲಗೆಯ ಮೇಲೆ ಬರೆಯುವವಳು, ಉರಿಯುವ ಕಡ್ಡಿಯನ್ನು ಜಾಡಿಯೊಳಗೆ ಇಳಿಸಿ ಮಕ್ಕಳಿಗೆ ತೋರಿಸುವವಳು, ಕಂದೀಲನ್ನು ಅಲ್ಲಾಡಿಸಿ ಎಣ್ಣೆಯ ಸದ್ದು ಕೇಳಿದೆ. ಆಮೇಲೆ ಕತ್ತರಿ ತಂದು ಬತ್ತಿ ಕತ್ತರಿಸಲು ಕುಳಿತೆ. ನನಗೆ ಈಗಲೂ ಆ ಕತ್ತರಿಯ ಸದ್ದು ಕೇಳುತ್ತದೆ.

ನಾನು ಬತ್ತಿ ಕತ್ತರಿಸುತ್ತಿದ್ದಾಗ ಹಗೇವಿನ ಅಂಚಿನಲ್ಲಿ ಒಂದು ಇಲಿ ಸರಕ್ಕನೆ ಸುತ್ತಿ ಒಳಗೆ ಹೋಯಿತು. ಅದರ ಹಿಂದೆಯೇ ಬನಹಟ್ಟಿ ಜಿಗಿಯಿತು. ಕೆಳಗೆ ಹೊಟ್ಟಿನ ಮೇಲೆ ಬಿದ್ದಂತೆ ಮೆತ್ತನೆಯ ಸದ್ದು.

ರಬಕವಿ ತಲೆ ಬಗ್ಗಿಸಿ ಒಮ್ಮೆ ಕೂಗಿತು. ಒಳಗಿನಿಂದ ಬನಹಟ್ಟಿ ಓಗೊಟ್ಟಿತು.

ಇದೆಯಲ್ಲ, ಏನೂ ಆಗಿಲ್ಲ ಎಂದರು ನಮ್ಮವರು. ಪ್ಯಾಂಟು ಮಡಚಿದರು. ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ ಎಂದೆ. ಅದಷ್ಟೇ ನಾನು ಮಾಡಿದ ಬುದ್ಧಿವಂತಿಕೆ, ಅದೂ ಕಾಲು ಜಾರೀತೆಂಬ ಹೆದರಿಕೆಗೆ. ಹಗ್ಗದ ತುದಿಯನ್ನು ಕಾಕಾ ಕಂಬಕ್ಕೆ ಒಂದು ಸುತ್ತು ಹಾಕಿ ಹಿಡಿದರು. ಗೋಡೆಯಲ್ಲಿ ಕೊರೆದ ಮೆಟ್ಟುಗುಳಿಗಳಲ್ಲಿ ಕಾಲಿಡುತ್ತ ನಮ್ಮವರು ಇಳಿದರು. ಎದೆ ಹೋಯಿತು, ಹೆಗಲು ಹೋಯಿತು.

ರಬಕವಿ ಎರಡನೆಯ ಸಲ ಕೂಗಿತು. ಬಹಳ ಹೊತ್ತಿನ ಮೇಲೆ ಉತ್ತರ ಬಂತು, ನಿದ್ದೆಯಲ್ಲಿ ಅಂದಂತೆ.

"ಬೆಚ್ಚಗೈತಿ ಟೀಚರ್" ಎಂದರು ನಮ್ಮವರು ಕೆಳಗಿನಿಂದ. ಅವರ ತಲೆ ನೆಲದ ಮಟ್ಟಕ್ಕಿಂತ ಒಂದು ಗೇಣು ಕೆಳಗಿತ್ತು. ಮುಖ ಎತ್ತಿ ನಗುತ್ತಿದ್ದರು. "ಛಲೋ ನಿದ್ದಿ ಬಂದಂಗ ಆಗಾಕತ್ತೈತಿ."

ರಬಕವಿ ಮೂರನೆಯ ಸಲ ಕೂಗಿತು.

ಉತ್ತರ ಬರಲಿಲ್ಲ. ಬೆಕ್ಕು ಕಿವಿ ಮುಂದೆ ಮಾಡಿ ಕಾಯಿತು. ನಾನೂ ಕಾದೆ. ಬಂದ ದಿನದಿಂದ ಒಮ್ಮೆಯೂ ತಪ್ಪದ ಹಾಜರಿ. ಆ ಮೌನ ನನ್ನ ತಲೆಯೊಳಗೆ ಇಳಿದಾಗ ಅಲ್ಲಿ ಜಾಡಿ ಇತ್ತು, ಜಾಡಿಯೊಳಗೆ ಆರುತ್ತಿದ್ದ ಕಡ್ಡಿ ಇತ್ತು, ಕರಿಹಲಗೆಯ ಮೇಲೆ ನನ್ನದೇ ಅಕ್ಷರವಿತ್ತು.

"ಕಾಕಾ, ಜಗ್ಗರಿ" ಎಂದೆ. ಕೂಗಿದೆನೋ ಪಿಸುಗುಟ್ಟಿದೆನೋ ತಿಳಿಯದು. ಅಷ್ಟರಲ್ಲಿ ನಮ್ಮವರ ಕೈ ಮೆಟ್ಟುಗುಳಿಯನ್ನು ಬಿಟ್ಟಿತ್ತು. ನಗು ಮುಖದ ಮೇಲೆಯೇ ಇತ್ತು, ಆದರೆ ಮುಖದಲ್ಲಿ ಅವರಿರಲಿಲ್ಲ. ಹಗ್ಗ ಬಿಗಿಯಿತು. ಕಾಕಾ ಎಳೆದರು, ನಾನು ಎಳೆದೆ, ಅಂಗೈ ಸುಲಿಯಿತು. ಅವರ ಗದ್ದ ಕಲ್ಲಿನ ಅಂಚಿಗೆ ತಾಗಿ ರಕ್ತ ಬಂತು. ಆ ರಕ್ತ ನೋಡಿ ನನಗೆ ಧೈರ್ಯ ಬಂತು ಎಂದರೆ ನೀವು ನಂಬಬೇಕು.

ಇದೆಲ್ಲ ಒಲೆಯ ಮೇಲಿನ ಹಾಲು ಉಕ್ಕಿ ಇಳಿಯುವಷ್ಟು ಹೊತ್ತು ನಡೆದಿರಬೇಕು. ನನ್ನೊಳಗೆ ಅದು ಇನ್ನೂ ಮುಗಿದಿಲ್ಲ. ಪಾತ್ರೆ ತೊಳೆಯುವಾಗ, ಹಾಜರಿ ಪುಸ್ತಕ ತೆರೆದಾಗ, ಆ ತಲೆ ಮತ್ತೆ ಒಂದು ಗೇಣು ಕೆಳಗಿರುತ್ತದೆ. ಕೆಲವೊಮ್ಮೆ ಎರಡು ಗೇಣು. ಕೆಲವೊಮ್ಮೆ ನಾನು ಬತ್ತಿ ಕತ್ತರಿಸುತ್ತಲೇ ಇರುತ್ತೇನೆ.

ಅಂಗಳಕ್ಕೆ ಎಳೆದು ತಂದು ಮುಖಕ್ಕೆ ನೀರು ಹೊಡೆದೆವು. ಎದೆ ಒಮ್ಮೆ ಎದ್ದಿತು, ನಿಂತಿತು, ಮತ್ತೆ ಎದ್ದಿತು. ಕಣ್ಣು ತೆರೆದು ಅವರು ಆಡಿದ ಮೊದಲ ಮಾತು, "ಬನಹಟ್ಟಿ?"

ಪಡಸಾಲೆಯಲ್ಲಿ ರಬಕವಿ ಕೂಗುತ್ತಲೇ ಇತ್ತು.

ಹಗೇವನ್ನು ನಾಲ್ಕು ದಿನ ತೆರೆದೇ ಇಟ್ಟೆವು. ನಾಲ್ಕನೆಯ ದಿನ ಕಂದೀಲು ತಳದವರೆಗೆ ಇಳಿದು ಆರದೆ ಉರಿಯಿತು. ಅದೇ ಕಂದೀಲು, ಅದೇ ರೇಷನ್ ಎಣ್ಣೆ. ಕಾಕಾ ಕರೆತಂದ ತಿಳಿದ ಆಳೊಬ್ಬ ಇಳಿದು ಹುಡುಕಿದ. ತಳದಲ್ಲಿ ಒಂದು ಪದರು ಕೊಳೆತು ಕಪ್ಪಾದ ಜೋಳ. ಆ ಕೊಳೆತದ್ದೇ ಕೆಟ್ಟ ಗಾಳಿ ಹುಟ್ಟಿಸಿತ್ತು. ಇಲಿಗಳ ಬಿಲಗಳಿದ್ದವು, ಒಂದರಲ್ಲಿ ತೋಳು ಹೋಗುತ್ತಿತ್ತು.

ಬೆಕ್ಕು ಇರಲಿಲ್ಲ. ಸತ್ತ ಬೆಕ್ಕೂ ಇರಲಿಲ್ಲ.

ಬಿಲದಲ್ಲಿ ನುಸುಳಿ ಎಲ್ಲೋ ಹೊರಗೆ ಹೋಗಿರಬೇಕೆಂದರು ಕಾಕಾ. ಬಿಲದೊಳಗೆ ಹೋಗಿ ಅಲ್ಲೇ ಮುಗಿದಿರಬೇಕೆಂದ ಆಳು. ಹೊಟ್ಟನ್ನು ಮೂರು ಸಲ ಜಾಲಾಡಿಸಿದೆವು. ಕೊನೆಗೆ ಗಾಡಿಗಟ್ಟಲೆ ಮಣ್ಣು ತುಂಬಿ, ಕಲ್ಲು ಮುಚ್ಚಿ, ಮೇಲೆ ಸಿಮೆಂಟು ಹಾಕಿಸಿದೆವು.

ನಾನು ಬೀಳಗಿಗೆ ಹೋಗಿ ಶಾಂತಕ್ಕನಿಗೆ ಹೇಳಬೇಕಾಯಿತು. ಜೋಡಿ ಬಿಡಿಸಬೇಡ ಎಂದಿದ್ದರು, ಬಿಡಿಸಿದ್ದೆ. ಬೈಯಲೆಂದು ಕಾದೆ. ಅವರು ಬೈಯಲಿಲ್ಲ. ನಿನ್ನ ಗಂಡ ಊಟ ಮಾಡುತ್ತಾನೇನು ಎಂದು ಕೇಳಿದರು. ಆಮೇಲೆ ಬೆಕ್ಕು ಒಳಗಿನಿಂದ ಎಷ್ಟು ಸಲ ಓಗೊಟ್ಟಿತು ಎಂದು ಕೇಳಿದರು. ಎರಡು ಸಲ ಎಂದೆ.

"ಉಳದದ್ದರ ಮುಂದ ಅಳಬ್ಯಾಡ" ಎಂದರು. "ಅದರ ಲೆಕ್ಕದಾಗ ಅದು ಹೋಗಿಲ್ಲ."

ರಬಕವಿ ಊಟ ಬಿಟ್ಟಿತ್ತು. ದಿನಾ ಮಧ್ಯಾಹ್ನ ಸಿಮೆಂಟಿನ ಈಚೆ ಕುಳಿತು ಒಮ್ಮೆ ಕೂಗುವುದು, ಕಾಯುವುದು, ಮತ್ತೆ ಕೂಗುವುದು. ನಮ್ಮವರು ಆಗ ರಜೆಯ ಮೇಲಿದ್ದರು, ಗದ್ದಕ್ಕೆ ಪಟ್ಟಿ. ಮೂರು ದಿನ ಆ ಕೂಗು ಕೇಳಿದರು. ನಾಲ್ಕನೆಯ ದಿನ ತಡೆಯಲಾಗದೆ ಮಂಚದ ಮೇಲಿಂದಲೇ, "ಇದ್ದೇನಿಲೇ" ಎಂದರು.

ಬೆಕ್ಕು ತಿರುಗಿ ನೋಡಿತು. ಎದ್ದು ಬಂದು ಮಂಚದ ಕೆಳಗೆ ಮಲಗಿತು. ಸಂಜೆ ಹಾಲು ಕುಡಿಯಿತು. ಅಂದಿನಿಂದ ಅದು ಕೂಗಿದಾಗಲೆಲ್ಲ ನಮ್ಮವರು ಎಲ್ಲಿದ್ದರೂ ಓಗೊಡುತ್ತಾರೆ: ಬಚ್ಚಲಿನಿಂದ, ಮಾಳಿಗೆಯಿಂದ, ಬಾಯಿತುಂಬ ರೊಟ್ಟಿ ಇದ್ದಾಗಲೂ. ನಾನು ಕರೆದರೆ ಮೂರು ಸಲಕ್ಕೆ ಒಮ್ಮೆ ಕೇಳಿಸುವ ಗಂಡಸಿಗೆ ಬೆಕ್ಕು ಕರೆದರೆ ಒಂದೇ ಸಲಕ್ಕೆ ಕೇಳಿಸುತ್ತದೆ. ನಾನು ದೂರುವುದಿಲ್ಲ. ಅವರ ದನಿ ನನಗೂ ಬೇಕು.

ಹೋದ ತಿಂಗಳು ಅವರನ್ನು ಎರಡು ದಿನದ ಮಟ್ಟಿಗೆ ಮುಧೋಳದ ಎಕ್ಸ್‌ಚೇಂಜಿಗೆ ಕಳಿಸಿದ್ದರು. ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಕೆಂಪು ಪೆನ್ನು ಹಿಡಿದು ಪತ್ರಿಕೆ ತಿದ್ದುತ್ತಿದ್ದೆ. ರಬಕವಿ ಬಂದು ಸಿಮೆಂಟಿನ ಈಚೆ ಕುಳಿತಿತು. ಒಮ್ಮೆ ಕೂಗಿತು.

ಓಗೊಡುವವರು ಮನೆಯಲ್ಲಿರಲಿಲ್ಲ. ನಾನೇ ಏನಾದರೂ ಅನ್ನಬೇಕೆಂದುಕೊಂಡು ಪೆನ್ನು ಕೆಳಗಿಟ್ಟೆ. ಬೆಕ್ಕು ಕಿವಿಗಳನ್ನು ಮುಂದೆ ಮಾಡಿ ನೆಲವನ್ನೇ ನೋಡುತ್ತ ಕಾಯಿತು. ಇನ್ನೊಮ್ಮೆ ಕೂಗುತ್ತದೆ ಎಂದು ನಾನು ಕಾದೆ. ಅದು ಕೂಗಲಿಲ್ಲ. ಬಾಲವನ್ನು ಸುತ್ತಿಕೊಂಡು, ಗಲ್ಲವನ್ನು ಸಿಮೆಂಟಿಗೆ ಆನಿಸಿ, ಕಣ್ಣು ಮುಚ್ಚಿತು. ಬಹಳ ದಿನಗಳ ಮೇಲೆ ಅದರ ಗೊರಗೊರ ಸದ್ದು ಕೇಳಿದೆ.

ನಾನು ಎದ್ದು ಫೋನಿನ ಹತ್ತಿರ ಹೋದೆ. ಮುಧೋಳ ಕೊಡಿ ಎಂದೆ. ಲೈನಿನಲ್ಲಿ ಬರೀ ಗಾಳಿ ಬೀಸುತ್ತಿತ್ತು. "ರೀ" ಎಂದೆ. ಗಾಳಿ. "ರೀ" ಎಂದೆ ಇನ್ನೊಮ್ಮೆ. ಮೂರನೆಯ ಸಲ ಕರೆಯುವ ಧೈರ್ಯ ನನಗಿರಲಿಲ್ಲ. ರಿಸೀವರನ್ನು ಕಿವಿಗೆ ಒತ್ತಿ ಹಿಡಿದು ನಿಂತೆ.

"ಇದ್ದೇನಿ, ಹೇಳು" ಎಂದರು ಅವರು, ದೂರದಿಂದ.

ಅವರ ದನಿ ರಿಸೀವರಿನಿಂದ ಹೊರಬಿದ್ದು ಪಡಸಾಲೆಗೆಲ್ಲ ಕೇಳುವಷ್ಟು ದೊಡ್ಡದಾಗಿತ್ತು. ನಾನು ಹಿಂದಿರುಗಿ ನೋಡಿದೆ. ಬೆಕ್ಕು ತಲೆ ಎತ್ತಲಿಲ್ಲ. ಅದಕ್ಕೆ ಬೇಕಾದ ಉತ್ತರ ಆಗಲೇ ಬಂದಿತ್ತು.